ಬೂತಾಯಿಯ ಹತ್ತು ದಿನ

ಚಂಪಕ್ಕನಿಗೆ ನಾಯಿ ಕಂಡರೆ ಆಗುವುದಿಲ್ಲವೆಂಬುದು ಕಾಪುವಿನಲ್ಲಿ ಅವಳ ಬೈಲಿನ ಅಷ್ಟೂ ಮನೆಗಳಿಗೆ ಗೊತ್ತಿದ್ದ ಸಂಗತಿ. ದಾರಿಗೆ ಅಡ್ಡವಾಗಿ ನಾಯಿ ಮಲಗಿದ್ದರೆ ಅವಳು ಗದ್ದೆಯ ಬದು ಹಿಡಿದು ಸುತ್ತು ಹಾಕಿ ಹೋಗುವವಳು. ಅಂಥವಳ ಅಂಗಳದಲ್ಲಿ, ಎಂಬತ್ತನಾಲ್ಕನೇ ಇಸವಿಯ ಮಾರ್ಚ್ ತಿಂಗಳ ಒಂದು ಮಂಗಳವಾರ, ಬಚ್ಚಲು ಕೊಟ್ಟಿಗೆಯ ಕಂಬಕ್ಕೆ ಸೊಸೆ ಮನೋರಮಾ ಒಂದು ಕಂದು ಬಣ್ಣದ ನಾಯಿಯನ್ನು ತಂದು ಕಟ್ಟಿದಳು.

ಅಂದು ಮಧ್ಯಾಹ್ನ ಗಂಜಿ ಆರಿ ಕೆನೆ ಕಟ್ಟಿದರೂ ಅತ್ತೆ ಬಟ್ಟಲು ಮುಟ್ಟಲಿಲ್ಲ.

“ಹದಿನೈದು ದಿನ ಮಾತ್ರ ಮಾಮಿ,” ಎಂದಳು ಮನೋರಮಾ. “ಆಮೇಲೆ ಬಾಯಮ್ಮ ಅದಕ್ಕೊಂದು ಮನೆ ನೋಡಿ ಕೊಂಡುಹೋಗುತ್ತಾರೆ.”

“ಹದಿನೈದು ದಿನದಲ್ಲಿ ಎಂತೆಂತದೆಲ್ಲ ಆಗುತ್ತದೆ ಗೊತ್ತುಂಟಾ ನಿನಗೆ? ಐದು ತಿಂಗಳ ಬಸುರಿ ನೀನು.”

“ಬಾಯಮ್ಮ ನರ್ಸ್ ಅಲ್ವಾ? ಅವರಿಗೆ ಗೊತ್ತಿಲ್ಲದ್ದು ಉಂಟಾ?”

“ಅವರಿಗೆ ಮಕ್ಕಳಿಲ್ಲ. ಅದಕ್ಕೆ ನಾಯಿ. ನಮಗೆ ಎಂತಕ್ಕೆ?”

ಬಾಯಮ್ಮ ಎಂದರೆ ಶಿರ್ವದ ಕಾನ್ಸೆಪ್ಟಾ ಬಾಯಿ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಉಡುಪಿಯ ಮೀನು ಮಾರ್ಕೆಟ್ಟಿನ ಸುತ್ತ ಯಾರೋ ನಾಯಿಗಳಿಗೆ ವಿಷದ ಉಂಡೆ ಹಾಕತೊಡಗಿದ ಮೇಲೆ ಅವರು ಬದುಕಿ ಉಳಿದ ಮರಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುವುದನ್ನು ರೂಢಿ ಮಾಡಿಕೊಂಡಿದ್ದರು. ಅವರ ಮನೆಯಲ್ಲಿ ಜಾಗ ಸಾಲದು. ಹಾಗಾಗಿ ಗುರುತಿನ ಏಳೆಂಟು ಮನೆಗಳಲ್ಲಿ ಒಂದೊಂದನ್ನು ಬಿಡುವುದು. ಆ ಮನೆಯವರು ಹದಿನೈದು ದಿನ ಅದಕ್ಕೆ ಅನ್ನ ಹಾಕಿ, ಕಜ್ಜಿಗೆ ಮದ್ದು ಹಚ್ಚಿ, ರೋಗ ರುಜಿನ ಏನಾದರೂ ಉಂಟಾ ಎಂದು ನೋಡುವುದು. ಅಷ್ಟಾದ ಮೇಲೆ ನಾಯಿ ಬೇಕೆಂದವರಿಗೆ ಕೊಡುವುದು. ಹದಿನೈದು ದಿನ ತುಂಬದೆ ಯಾರಿಗೂ ಕೊಡಬಾರದೆಂಬುದು ಬಾಯಿಯ ಕಟ್ಟುನಿಟ್ಟು. ಇನ್ನೊಂದು ಕ್ರಮವೂ ಇತ್ತು. ನಾಯಿ ಯಾವ ಮನೆಯಲ್ಲಿರುತ್ತದೋ ಆ ಮನೆಯ ಹಳೆಯ ಸೀರೆಯ ಅಂಚು ಹರಿದು ಅದರ ಕುತ್ತಿಗೆಗೆ ಕಟ್ಟಬೇಕು. ತಪ್ಪಿಸಿಕೊಂಡು ಹೋದರೆ ಅಂಚು ನೋಡಿ ಇಂಥವರ ಮನೆಯದ್ದು ಎಂದು ಉಳಿದ ಮನೆಯವರಿಗೆ ತಿಳಿಯುತ್ತದೆ. ಈ ಕಂದು ನಾಯಿಯ ಕುತ್ತಿಗೆಗೆ ಬಿದ್ದದ್ದು ಚಂಪಕ್ಕನದೇ ಹಳೆಯ ಸೀರೆಯ ಕೆಂಪು ಅಂಚು. ಅದಕ್ಕೂ ಅವಳು ಸಿಡುಕಿದಳು.

ಮನೋರಮಾ ಬಾಯಿಗೆ ಇಲ್ಲ ಎನ್ನಲಾರದವಳು. ಎರಡು ವರ್ಷದ ಹಿಂದೆ ಅವಳ ಮೊದಲ ಬಸಿರು ನಿಲ್ಲದೆ ಹೋದಾಗ ಮೂರು ದಿನ ಹಾಸಿಗೆಯ ಪಕ್ಕ ಕುಳಿತಿದ್ದವರು ಅವರು. ಚಂಪಕ್ಕನ ಮಗ ಕರುಣಾಕರ ಮಣಿಪಾಲದ ಪ್ರೆಸ್ಸೊಂದರಲ್ಲಿ ಪುಸ್ತಕ ಹೊಲಿಯುವವನು. ಅಮ್ಮ ಹೇಳಿದ್ದಕ್ಕೂ ಹೌದು, ಹೆಂಡತಿ ಹೇಳಿದ್ದಕ್ಕೂ ಹೌದು ಎಂದು ತಲೆಯಾಡಿಸಿ ಬೆಳಗಿನ ಬಸ್ಸು ಹಿಡಿದ.

ನಾಯಿ ಹೊಸ ಜಾಗದಲ್ಲಿ ಮೈ ಮುದುಡಿಕೊಂಡು ನಡುಗುತ್ತ ಮಲಗಿತ್ತು. ಮನೋರಮಾ ಇಟ್ಟ ಗಂಜಿಯನ್ನು ಮೂಸಲಿಲ್ಲ. ಚಂಪಕ್ಕ ಬಾವಿಕಟ್ಟೆಯ ಹತ್ತಿರ ಬೂತಾಯಿ ಮೀನು ಕೊಯ್ಯುತ್ತಿದ್ದಾಗ ಮಾತ್ರ ಅದರ ಕಣ್ಣು ಕತ್ತಿಯ ಜೊತೆ ಮೇಲೆ ಕೆಳಗೆ ಹೋಗುತ್ತಿತ್ತು. ಸೊಸೆ ಒಳಗೆ ಬೀಡಿ ಕಟ್ಟಲು ಕುಳಿತ ಹೊತ್ತು ನೋಡಿ ಅವಳು ಒಂದು ಮೀನಿನ ತಲೆಯನ್ನು ಅತ್ತ ಎಸೆದಳು. ಬುಧವಾರ ನಾಲ್ಕು ತಲೆ. ಗುರುವಾರ ಅವಳು ಕೊಟ್ಟಿಗೆಯ ಹಿಂದೆ ಹೋಗಿ “ಬೂತಾಯಿ, ಬಾ ಬಾ” ಎಂದು ಮೀನಿನ ಹೆಸರಿನಲ್ಲೇ ಅದನ್ನು ಮೆಲ್ಲಗೆ ಕರೆಯುವಷ್ಟಾಗಿತ್ತು. ಅಂಗಳಕ್ಕೆ ಬಂದಾಗ ಮತ್ತೆ ಅದೇ ಮುಖ: ಈ ಪೀಡೆ ಯಾವಾಗ ತೊಲಗುವುದು.

ಶುಕ್ರವಾರ ಮಧ್ಯಾಹ್ನ ಅವಳು ತಲೆಯನ್ನು ಎಸೆಯದೆ ಕೈಯಲ್ಲೇ ಹಿಡಿದು ಕೊಟ್ಟಳು. ಹಸಿದ ನಾಯಿ ಒಂದೇ ಸಲ ಬಾಯಿ ಹಾಕಿತು. ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಹಲ್ಲು ನಾಟಿ ಎರಡು ಹನಿ ರಕ್ತ ಬಂತು.

ಚಂಪಕ್ಕ ಅಲ್ಲಿಯೇ ಕುಳಿತುಬಿಟ್ಟಳು. ಎಲೆ ಅಡಿಕೆಯ ಚೀಲದಿಂದ ಸುಣ್ಣ ತೆಗೆದು ಗಾಯಕ್ಕೆ ಒತ್ತಿದಳು. ಸೊಸೆ ಕೇಳಿದಾಗ, ಮೀನು ಕತ್ತಿ ತಾಗಿತು ಎಂದಳು.

ಅವಳ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಅವಳ ತವರು ಹೆಬ್ರಿಯ ಕಡೆ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಣ್ಣ ಕಿಟ್ಟನಿಗೆ ನಾಯಿ ಕಚ್ಚಿತ್ತು. ಮದ್ದಿನ ಬೇರು ಅರೆದು ಕೊಟ್ಟರು, ಪಥ್ಯ ಹಿಡಿದರು, ಗಾಯ ಮಾಯಿತು, ಎಲ್ಲರೂ ಮರೆತರು. ಎರಡು ತಿಂಗಳಾದ ಮೇಲೆ ಒಂದು ದಿನ ಅವನು ಬಾಯಾರಿಕೆ ಎಂದು ಚೆಂಬು ಎತ್ತಿದ. ನೀರು ತುಟಿಯ ಹತ್ತಿರ ಬಂದದ್ದೇ ಅವನ ಗಂಟಲು ಹಿಡಿದುಕೊಂಡಿತು, ಚೆಂಬನ್ನು ಬಿಸಾಡಿದ. ಅವನನ್ನು ದನದ ಕೊಟ್ಟಿಗೆಯಲ್ಲಿ ಹಾಕಿ ಬಾಗಿಲು ಮುಚ್ಚಿದರು. ಎರಡು ದಿನ ಅವನು ಒಳಗಿನಿಂದ ನೀರು ಕೇಳಿದ. ಅಮ್ಮ ಬಾಗಿಲ ಸಂದಿಯಲ್ಲಿ ನೀರು ಇಟ್ಟರೆ, ಅದನ್ನು ಕಂಡು ಕೂಗಿದ. ಮೂರನೆಯ ದಿನ ಕೂಗು ಇರಲಿಲ್ಲ.

ಶನಿವಾರ ಬೆಳಿಗ್ಗೆ ಮನೋರಮಾ ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋದಾಗ ಒಣಮೀನಿನ ವ್ಯಾಪಾರದ ಪುತ್ತುಬ್ಬ ಬಂದ. ಅವನು ವಾರಕ್ಕೊಮ್ಮೆ ಕಾರ್ಕಳಕ್ಕೆ ಮೀನು ಕೊಂಡುಹೋಗುವವನು. ಹೋಗುವಾಗ ಚಂಪಕ್ಕನ ಜಗಲಿಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿಯುವುದು ಹಳೆಯ ಬಳಕೆ. ಅಳಿಯ ಉಸ್ಮಾನನ ಮರದ ಮಿಲ್ಲಿನಲ್ಲಿ ಕಳ್ಳರ ಕಾಟ, ಒಂದು ನಾಯಿ ಸಿಕ್ಕಿದರೆ ಆಗಿತ್ತು ಎಂದು ಅವನು ಮಾತಿಗೆ ಹೇಳಿದ.

“ಇದನ್ನು ಕೊಂಡುಹೋಗಿ,” ಎಂದಳು ಚಂಪಕ್ಕ. “ಈಗಲೇ.”

“ನಮ್ಮಲ್ಲಿ ನಾಯಿ ಮುಟ್ಟಿದರೆ ಏಳು ಸಲ ತೊಳೆಯಬೇಕು ಚಂಪಕ್ಕ, ಒಂದು ಸಲ ಮಣ್ಣು ಹಾಕಿ. ನೀವೇ ಬುಟ್ಟಿಗೆ ಹಾಕಿ ಕೊಡಿ.”

ಅವಳು ನಾಯಿಯನ್ನು ಖಾಲಿ ಬುಟ್ಟಿಗಿಳಿಸಿ ಮೇಲೆ ಬಲೆ ಬಿಗಿದಳು. ಅದಕ್ಕಿಂತ ಮೊದಲು ಕುತ್ತಿಗೆಯ ಕೆಂಪು ಅಂಚನ್ನು ಬಿಚ್ಚಿ ಎಲೆ ಅಡಿಕೆಯ ಚೀಲಕ್ಕೆ ತುರುಕಿದಳು. ಗುರುತು ಉಳಿಯಬಾರದು. ಸೊಸೆ ಬರುವಷ್ಟರಲ್ಲಿ ಹಗ್ಗದ ತುದಿಯನ್ನು ಕಲ್ಲಿಗೆ ಉಜ್ಜಿ ಹರಿದದ್ದೂ ಆಗಿತ್ತು.

“ಹಗ್ಗ ಕಡಿದು ಓಡಿತು,” ಎಂದಳು.

ಆ ದಿನವೂ ಮರುದಿನವೂ ಮನೋರಮಾ ಹೊಟ್ಟೆ ಹೊತ್ತುಕೊಂಡು ಕಡಲ ಬದಿಯಿಂದ ಗುಡ್ಡೆಯವರೆಗೆ ಹುಡುಕಿದಳು. ಮನೆಗೆ ಬಂದಾಗ ಮುಖ ಬಿಸಿಲಿಗೆ ಕೆಂಪಾಗಿರುತ್ತಿತ್ತು. ಚಂಪಕ್ಕ ಮಜ್ಜಿಗೆಗೆ ಶುಂಠಿ ಜಜ್ಜಿ ಹಾಕಿ ಕೊಟ್ಟಳು. ಹೋಗಲಿ, ನಾಯಿ ಜಾತಿ, ಎಲ್ಲಿಯಾದರೂ ಬದುಕಿಕೊಳ್ಳುತ್ತದೆ ಎಂದಳು. ನಾಯಿ ಹೋದರೆ ಹೆದರಿಕೆಯೂ ಹೋಗುತ್ತದೆಂದು ಅವಳು ಎಣಿಸಿದ್ದಳು. ಹೋಗಲಿಲ್ಲ. ಬೆಳಿಗ್ಗೆ ಎದ್ದವಳು ಯಾರೊಡನೆಯೂ ಮಾತಾಡುವ ಮೊದಲು ಒಂದು ಚೆಂಬು ನೀರನ್ನು ನಿಧಾನವಾಗಿ, ಗುಟುಕು ಗುಟುಕಾಗಿ ಕುಡಿಯತೊಡಗಿದಳು. ಗಂಟಲಲ್ಲಿ ನೀರು ಇಳಿದ ಮೇಲೆಯೇ ಮುಂದಿನ ಕೆಲಸ. ಬಾವಿಯಿಂದ ಕೊಡ ಎಳೆಯುವಾಗ ನೀರಿನೊಳಗೆ ನೋಡುತ್ತಿರಲಿಲ್ಲ. ಕಚ್ಚಿಸಿಕೊಂಡವರಿಗೆ ಅಲ್ಲಿ ನಾಯಿಯ ಮುಖ ಕಾಣುತ್ತದೆಂದು ತವರಿನಲ್ಲಿ ಹೇಳುತ್ತಿದ್ದರು.

ಬುಧವಾರ ಕಾನ್ಸೆಪ್ಟಾ ಬಾಯಿ ಬಂದರು. ನಾಯಿ ತಪ್ಪಿಸಿಕೊಂಡ ಸುದ್ದಿ ಅವರಿಗೆ ಮುಟ್ಟಿತ್ತು. ಅವರು ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತು ಕೇಳಿದರು.

“ಮನೋರಮಾ, ಆ ನಾಯಿ ಯಾರಿಗಾದರೂ ಕಚ್ಚಿದ್ದುಂಟಾ? ಹಲ್ಲು ತಾಗಿದ್ದು, ಗಾಯ ನೆಕ್ಕಿದ್ದು, ಎಂತದೇ ಆಗಲಿ. ಮುಚ್ಚಿಡಬೇಡಿ.”

ಈ ನಾಯಿಯನ್ನು ತಂದ ದಿನವೇ ಅದೇ ಮಾರ್ಕೆಟ್ಟಿನಿಂದ ತಂದ ಇನ್ನೊಂದು ನಾಯಿ ಕಟಪಾಡಿಯ ಮನೆಯಲ್ಲಿತ್ತು. ಹಿಂದಿನ ದಿನ ಅದು ಬಾಯಲ್ಲಿ ನೊರೆ ಸುರಿಸಿ, ಕಂಬ ಕಚ್ಚಿ, ಸತ್ತುಹೋಗಿತ್ತು. ಆ ಮನೆಯ ನಾಲ್ಕೂ ಜನ ಈಗ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದರು.

ಮನೋರಮಾ ಬಲಗೈಯ ಮಣಿಗಂಟು ತೋರಿಸಿದಳು. ಬಂದ ಮರುದಿನ, ಬುಧವಾರ, ಕಜ್ಜಿಗೆ ಮದ್ದು ಹಚ್ಚುವಾಗ ಹಲ್ಲು ಗೀರಿತ್ತು. ಸಣ್ಣದು, ಮಾಮಿ ಬೈಯುತ್ತಾರೆಂದು ಹೇಳಲಿಲ್ಲ ಎಂದಳು.

ಬಾಯಿ ಅತ್ತೆಯ ಕಡೆ ತಿರುಗಿದರು. “ನಿಮಗೆ?”

“ನಾನು ಅದರ ಹತ್ತಿರ ಹೋಗುವವಳಾ?” ಎಂದಳು ಚಂಪಕ್ಕ. ಹೆಬ್ಬೆರಳು ಸೆರಗಿನ ಒಳಗಿತ್ತು.

ಗುರುವಾರದಿಂದ ಮನೋರಮಾಳಿಗೆ ಉಡುಪಿಯ ಆಸ್ಪತ್ರೆಯ ಓಡಾಟ ಶುರುವಾಯಿತು. ಹೊಕ್ಕುಳ ಸುತ್ತ, ದಿನಕ್ಕೆ ಒಂದರಂತೆ, ಹದಿನಾಲ್ಕು ಸೂಜಿ. ಚರ್ಮದ ಅಡಿಗೆ ಮಾತ್ರ ಹೋಗುತ್ತದೆ, ಮಗುವಿಗೆ ತಾಗುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಈ ಮದ್ದು ಸಾವಿರದಲ್ಲಿ ಒಬ್ಬರಿಗೆ ಕೈಕಾಲಿನ ಶಕ್ತಿ ತೆಗೆಯುವುದುಂಟು, ಆದರೂ ಬಿಡುವ ಹಾಗಿಲ್ಲ ಎಂದೂ ಹೇಳಿದರಂತೆ. ಕರುಣಾಕರ ರಜೆ ಹಾಕಿ ಹೆಂಡತಿಯನ್ನು ಕರೆದುಕೊಂಡು ಹೋಗಿ ಬಂದ. ಮೊದಲ ದಿನವೇ ಸೂಜಿ ಹಾಕಿದಲ್ಲಿ ಕೆಂಪಾಗಿ ಬಾತುಕೊಂಡಿತು. ಎರಡನೆಯ ದಿನ ಜ್ವರ. ಚಂಪಕ್ಕ ಮೆತ್ತಗೆ ಗಂಜಿ ಬೇಯಿಸಿ, ಉಪ್ಪಿನಕಾಯಿಯ ರಸ ಬಿಟ್ಟು ಕೊಂಡುಹೋದಳು. ಮನೋರಮಾ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಮಾಮಿ,” ಎಂದಳು. “ಸೂಜಿ ಹಾಕುವಾಗ ಒಳಗೆ ಅದು ಒದೆಯುತ್ತದೆ. ಅದಕ್ಕೆ ಗೊತ್ತಾಗುತ್ತದಾ?”

ಚಂಪಕ್ಕ ಬಟ್ಟಲನ್ನು ಕೆಳಗಿಟ್ಟಳು. ಸೊಸೆ ಹೇಳುತ್ತಾ ಹೋದಳು: ನಾಯಿ ಕೈಗೆ ಸಿಕ್ಕಿದ್ದರೆ ಇಷ್ಟೂ ಬೇಡವಾಗಿತ್ತಂತೆ. ಕಚ್ಚಿದ ದಿನ ಬಿಟ್ಟು ಹತ್ತು ದಿನ ಅದು ಬದುಕಿ ಚೆನ್ನಾಗಿದ್ದರೆ ಹುಚ್ಚು ಇಲ್ಲವೆಂದೇ ಅರ್ಥ, ಸೂಜಿ ನಿಲ್ಲಿಸಬಹುದು ಎಂದರಂತೆ ಡಾಕ್ಟರು. ಓಡಿಹೋದ ನಾಯಿಯನ್ನು ಎಲ್ಲಿ ಹುಡುಕುವುದು.

“ಓಡಿಹೋಗಲಿಲ್ಲ,” ಎಂದಳು ಚಂಪಕ್ಕ.

ಬಾಗಿಲಲ್ಲಿ ನಿಂತಿದ್ದ ಕರುಣಾಕರ ಒಳಗೆ ಬಂದ. “ಎಂತ ಹೇಳಿದೆ ಅಮ್ಮ?”

“ಪುತ್ತುಬ್ಬನಿಗೆ ಕೊಟ್ಟೆ. ಕಾರ್ಕಳಕ್ಕೆ ಹೋಗಿದೆ. ಹಗ್ಗ ನಾನೇ ಹರಿದದ್ದು.”

“ಬುಧವಾರ ಬಾಯಮ್ಮ ಅಂಗಳದಲ್ಲಿ ನಿಂತು ಕೇಳುವಾಗ ನಿನ್ನ ಬಾಯಿಗೆ ಎಂತ ಆಗಿತ್ತು? ಎರಡು ಸೂಜಿ ಆಯಿತಲ್ಲ ಅವಳಿಗೆ, ಎರಡು. ನೀನು ಮನುಷ್ಯಳಾ?”

ತಲೆಯಾಡಿಸುವುದು ಮಾತ್ರ ಗೊತ್ತಿದ್ದ ಮಗ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಚಂಪಕ್ಕ ಅಂದೇ ಕೇಳಿದ್ದು. ಅದಕ್ಕೆ ಅವಳು ಅಳಲಿಲ್ಲ. ಮನೋರಮಾ ಮಾತ್ರ ಸ್ವರ ಏರಿಸಲಿಲ್ಲ.

“ಎರಡು ದಿನ ಬಿಸಿಲಲ್ಲಿ ಹುಡುಕಿದೆ ಮಾಮಿ. ನೀವು ನನಗೆ ಮಜ್ಜಿಗೆ ಮಾಡಿ ಕೊಟ್ಟಿರಿ.”

ಆ ಮಾತಿಗೆ ಚಂಪಕ್ಕ ಎದ್ದು ಹೊರಗೆ ಹೋದಳು. ಹೆಬ್ಬೆರಳಿನ ಸಂಗತಿ ನಾಲಗೆಯ ತುದಿಯವರೆಗೆ ಬಂದದ್ದು ಅಲ್ಲಿಯೇ ಉಳಿಯಿತು. ಈಗ ಹೇಳಿದರೆ ಕರುಣೆ ಬೇಡಿದ ಹಾಗಾಗುತ್ತದೆ ಎಂದುಕೊಂಡಳು.

ಕರುಣಾಕರ ಆ ಸಂಜೆಯೇ ಪುತ್ತುಬ್ಬನ ಮನೆಗೆ ಹೋಗಿ ಮಿಲ್ಲಿನ ದಾರಿ ಕೇಳಿಕೊಂಡು, ಶಿರ್ವಕ್ಕೂ ಹೋಗಿ ಬಾಯಿಗೆ ತಿಳಿಸಿ ಬಂದ. ಶನಿವಾರ ಬೆಳಿಗ್ಗೆ ಬಾಯಿ, ಕರುಣಾಕರ, ಚಂಪಕ್ಕ ಮೂವರೂ ಪಡುಬಿದ್ರಿಗೆ ಹೋಗಿ ಕಾರ್ಕಳದ ಬಸ್ಸು ಹತ್ತಿದರು. ಮನೋರಮಾಳನ್ನು ನೋಡಿಕೊಳ್ಳಲು ನೆರೆಮನೆಯವರು ಬಂದಿದ್ದರು. ಬಸ್ಸಿನಲ್ಲಿ ಬಾಯಿ ಬೆರಳು ಮಡಚಿ ಲೆಕ್ಕ ಹಾಕಿದರು. ಬುಧವಾರದ್ದು, ಇವತ್ತಿಗೆ ಹತ್ತು. ನಾಯಿ ಜೀವದಿಂದ ಇದ್ದರೆ ಮನೋರಮಾ ಗೆದ್ದ ಹಾಗೆ. ಚಂಪಕ್ಕ ಕಿಟಕಿಯ ಹೊರಗೆ ನೋಡುತ್ತ ತನ್ನ ಲೆಕ್ಕವನ್ನು ಬೇರೆಯೇ ಹಾಕಿದಳು. ಶುಕ್ರವಾರದ್ದು, ಇವತ್ತಿಗೆ ಎಂಟು.

ಮರದ ಮಿಲ್ಲು ಹೆಬ್ರಿಯ ರಸ್ತೆಯಲ್ಲಿ, ಪೇಟೆ ದಾಟಿದ ಮೇಲೆ ಇತ್ತು. ಗರಗಸದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವಂತಿರಲಿಲ್ಲ. ಕಾವಲಿನ ದೂಮಪ್ಪ ಕೈ ತೋರಿಸಿದಲ್ಲಿ ದಿಮ್ಮಿಗಳ ದೊಡ್ಡ ರಾಶಿ.

“ಅದರ ಅಡಿಯಲ್ಲಿ ಉಂಟು. ಎರಡು ದಿನ ಆಯಿತು, ಹಗಲು ಹೊರಗೆ ಬರುವುದೇ ಇಲ್ಲ. ಹಾಕಿದ ಅನ್ನ ಹಾಗೆಯೇ ಇರುತ್ತದೆ. ಬಗ್ಗಿ ನೋಡಿದರೆ ಹಲ್ಲು ಕಿರಿಯುತ್ತದೆ.”

ಬಾಯಿಯ ಮುಖ ಬಿಳುಚಿತು. ಕತ್ತಲಲ್ಲಿ ಅಡಗುವುದು, ಉಣ್ಣದಿರುವುದು, ಹಲ್ಲು ಕಿರಿಯುವುದು: ಕಟಪಾಡಿಯ ನಾಯಿಯೂ ಹಾಗೆಯೇ ಶುರು ಮಾಡಿತ್ತು. ಯಾರೂ ಹತ್ತಿರ ಹೋಗಬೇಡಿ ಎಂದು ಅವರು ಕರುಣಾಕರನ ತೋಳು ಹಿಡಿದು ಹಿಂದಕ್ಕೆಳೆದರು.

ಚಂಪಕ್ಕ ಮುಂದೆ ಹೋದಳು. ದಿಮ್ಮಿಯ ರಾಶಿಯಿಂದ ಮೂರು ಮಾರು ದೂರದಲ್ಲಿ ನಿಂತು, ಆ ಯಂತ್ರ ಒಂದು ಗಳಿಗೆ ನಿಲ್ಲಿಸಿ ಮಾರಾಯ್ರೆ ಎಂದು ಕೇಳಿಕೊಂಡಳು. ಗರಗಸ ನಿಂತಿತು. ಕಿವಿಯಲ್ಲಿ ಗುಂಯ್ ಎನ್ನುವ ಮೌನ. ಅವಳು ಮೊಣಕಾಲೂರಿ ಕುಳಿತಳು. ಮಗ ಹಿಂದೆಯೇ ನಿಂತಿದ್ದಾನೆ, ಕೇಳಿಸಿಕೊಳ್ಳುತ್ತಾನೆ ಎಂಬುದು ಗೊತ್ತಿದ್ದೂ ಕರೆದಳು.

“ಬೂತಾಯಿ. ಬಾ ಬಾ. ಬೂತಾಯಿ.”

ಬಹಳ ಹೊತ್ತಾಯಿತು. ಮೊದಲು ಮೂತಿ ಕಂಡಿತು, ಆಮೇಲೆ ಮುಂಗಾಲು. ಹೊಟ್ಟೆಯನ್ನು ನೆಲಕ್ಕೆ ಉಜ್ಜಿಕೊಂಡು ಹೊರಗೆ ಬಂದ ನಾಯಿ ನಿಂತಿದ್ದ ಗರಗಸವನ್ನು ಒಮ್ಮೆ ಓರೆಯಾಗಿ ನೋಡಿ, ಅವಳ ಕಡೆಗೆ ಬಾಲ ಆಡಿಸಿತು. ಕಾನ್ಸೆಪ್ಟಾ ಬಾಯಿ ಅರ್ಧ ಗಂಟೆ ದೂರದಿಂದಲೇ ಅದರ ನಡಿಗೆ, ದವಡೆ, ಕಣ್ಣು ಎಲ್ಲ ನೋಡಿದರು. ಗರಗಸ ಮತ್ತೆ ಶುರುವಾದಾಗ ಅದು ಓಡಿ ದಿಮ್ಮಿಯ ಅಡಿ ಸೇರಿದ್ದನ್ನೂ ನೋಡಿದರು.

“ರೋಗ ಅಲ್ಲ, ಸದ್ದಿನ ಹೆದರಿಕೆ,” ಎಂದರು. “ಹತ್ತು ದಿನ ಆಯಿತು, ಕರುಣಾಕರ. ಇವತ್ತಿನ ಸೂಜಿ ಬೇಡ. ಡಾಕ್ಟರಿಗೆ ನಾನು ಹೇಳುತ್ತೇನೆ. ನಡೆಯಿರಿ, ಬಸ್ಸು ಉಂಟು.”

ಕರುಣಾಕರ ಕಣ್ಣು ಒರೆಸಿಕೊಂಡು ಚೀಲ ಎತ್ತಿದ. ಚಂಪಕ್ಕ ಏಳಲಿಲ್ಲ.

“ನೀವು ಹೋಗಿ,” ಎಂದಳು. “ನಾನು ಸೋಮವಾರದವರೆಗೆ ಇಲ್ಲೇ ಇರುತ್ತೇನೆ.”

“ಎಂತಕ್ಕೆ?”

“ನನ್ನ ಲೆಕ್ಕ ಸೋಮವಾರಕ್ಕೆ ಮುಗಿಯುವುದು.”

ಸೆರಗಿನಿಂದ ಕೈ ತೆಗೆದು ಹೆಬ್ಬೆರಳು ತೋರಿಸಿದಳು. ಕರುಣಾಕರ ಚೀಲವನ್ನು ಕೆಳಗಿಟ್ಟ. ಈ ವಾರವಿಡೀ ಬೆಳಿಗ್ಗೆ ಬೆಳಿಗ್ಗೆ ಅಮ್ಮ ಚೆಂಬು ಹಿಡಿದು ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದದ್ದು ಅವನಿಗೆ ಆಗ ನೆನಪಾಯಿತು. ಬಾಯಿ ಬೈದರು. ಇವತ್ತೇ ಉಡುಪಿಗೆ ಬನ್ನಿ, ಸೂಜಿ ಶುರು ಮಾಡುವ, ನಾಯಿ ಉಳಿದರೆ ನಿಲ್ಲಿಸಿದರಾಯಿತು ಎಂದರು. ಅವಳು ಒಪ್ಪಲಿಲ್ಲ. ಅಲ್ಲಿಗೆ ಹೋದರೆ ಇಲ್ಲಿ ಅದಕ್ಕೆ ಎಂತ ಆಯಿತೆಂದು ಯಾರು ನೋಡುವುದು, ಈ ಸದ್ದಿಗೆ ಹೆದರಿ ಓಡಿಹೋದರೆ ತನಗೆ ಗೊತ್ತಾಗುವುದು ಹೇಗೆ ಎಂದಳು. ಈ ಸಲ ನಾಯಿ ತಪ್ಪಬಾರದು. ಕೊನೆಗೆ ಬಾಯಿ ಕರುಣಾಕರನ ಕೈಯಲ್ಲಿ ಡಾಕ್ಟರಿಗೊಂದು ಚೀಟಿ ಬರೆದು ಕೊಟ್ಟು ಕಳಿಸಿದರು. ಸೋಮವಾರದೊಳಗೆ ನಾಯಿ ಒಂದು ಹೊತ್ತು ಸೊರಗಿದರೂ ಆಸ್ಪತ್ರೆಗೆ ಬರಲೇಬೇಕೆಂದು ಚಂಪಕ್ಕನಿಂದ ಮಾತು ತೆಗೆದುಕೊಂಡು, ತಾವೂ ಉಳಿದರು.

ಮಿಲ್ಲಿನ ಹಿಂದೆಯೇ ಉಸ್ಮಾನನ ಮನೆ. ಅವನ ಹೆಂಡತಿ, ಪುತ್ತುಬ್ಬನ ಮಗಳು ಸಫಿಯಾ, ಜಗಲಿಯಲ್ಲಿ ಚಾಪೆ ಹಾಸಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದಳು. ಏನೂ ಕೇಳಲಿಲ್ಲ. ಬಾವಿಕಟ್ಟೆಯಲ್ಲಿ ಮಾತ್ರ ಒಂದು ತುಂಡು ಸಾಬೂನನ್ನೂ ತೆಂಗಿನ ಗೆರಟೆಯಲ್ಲಿ ಒಳ್ಳೆಯ ಮಣ್ಣನ್ನೂ ಇಟ್ಟು, ನಾಯಿ ಮುಟ್ಟಿದರೆ ಇಲ್ಲಿ ತೊಳೆದುಕೊಂಡು ಬನ್ನಿ ಅಮ್ಮ, ಏಳು ಸಲ, ನಮ್ಮ ಕ್ರಮ ಎಂದಳು.

“ಮಣ್ಣು ಗಾಯಕ್ಕಲ್ಲ. ಆದರೆ ಅವತ್ತೇ ಸಾಬೂನು ಹಾಕಿ ಹೀಗೆ ಏಳು ಸಲ ತೊಳೆದಿದ್ದರೆ ಅರ್ಧ ಮದ್ದು ಅಲ್ಲಿಯೇ ಆಗುತ್ತಿತ್ತು,” ಎಂದರು ಬಾಯಿ. “ನೀವು ಎಂತ ಮಾಡಿದಿರಿ?”

“ಸುಣ್ಣ ಹಚ್ಚಿದೆ. ಸುಳ್ಳು ಹೇಳಿದೆ.”

ಭಾನುವಾರ ಗರಗಸಕ್ಕೆ ರಜೆ. ನಾಯಿ ಹೊರಗೆ ಬಂದು ಸಾರಿನ ಅನ್ನ ತಿಂದಿತು. ಮಧ್ಯಾಹ್ನ ಒಮ್ಮೆ ಕೆಮ್ಮಿತು. ಚಂಪಕ್ಕ ಎದ್ದು ನಿಂತಳು. ಗಂಟಲಲ್ಲಿ ಮುಳ್ಳು ಎಂದು ಬಾಯಿ ಅಂದರು. ಅದು ಮುಳ್ಳನ್ನು ಕಕ್ಕುವವರೆಗೆ ಅವಳು ಕೂರಲಿಲ್ಲ.

ಸೋಮವಾರ ಬೆಳಕು ಹರಿದಾಗ ಅವಳು ಬಾವಿಯಿಂದ ನೀರು ಸೇದಿದಳು. ಇಷ್ಟು ದಿನ ಮುಖ ತಿರುಗಿಸುತ್ತಿದ್ದವಳು ಅಂದು ಬಗ್ಗಿ ನೋಡಿದಳು. ತನ್ನದೇ ಮುಖ, ನಡುಗುತ್ತ ಇತ್ತು. ಗೆರಟೆಯಲ್ಲಿ ನೀರು ತುಂಬಿ ದಿಮ್ಮಿಗಳ ಹತ್ತಿರ ಇಟ್ಟು, ಕರೆದಳು. ನಾಯಿ ಬಂದು ನಿಂತಿತು. ನೀರನ್ನು ನೋಡಿತು. ಅವಳನ್ನು ನೋಡಿತು. ಅದರ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಐವತ್ತು ವರ್ಷದ ಹಿಂದಿನ ಬಾಗಿಲ ಸಂದಿಯೊಂದು ಚಂಪಕ್ಕನ ಕಣ್ಣೆದುರು ಬಂತು.

ನಾಯಿ ತಲೆ ಬಗ್ಗಿಸಿತು. ಚಪ್ ಚಪ್ ಎಂದು ನೀರು ಕುಡಿಯತೊಡಗಿತು. ಗೆರಟೆಯ ತಳ ಕಾಣುವವರೆಗೂ ಕುಡಿದು, ಮೂತಿಯ ಹನಿಯನ್ನು ಅವಳ ಸೀರೆಗೆ ಒರೆಸಿತು.

ಸಫಿಯಾ ಚಹಾ ತಂದವಳು, ಗರಗಸಕ್ಕೆ ಹೆದರುವ ನಾಯಿಯಿಂದ ಮಿಲ್ಲು ಕಾಯಲಿಕ್ಕೆ ಆಗುವುದುಂಟಾ ಅಮ್ಮ, ಕೊಂಡುಹೋಗಿ ಎಂದಳು. ಬಾಯಿ ಚೀಲದಿಂದ ಯಾವ ನಾಯಿ ಯಾರ ಮನೆಯಲ್ಲಿ ಎಂದು ಬರೆದಿಡುವ ಪುಸ್ತಕ ತೆಗೆದರು.

“ಯಾರ ಮನೆ ಎಂದು ಬರೆಯಲಿ ಚಂಪಕ್ಕ?”

ಚಂಪಕ್ಕ ಎಲೆ ಅಡಿಕೆಯ ಚೀಲದ ತಳದಿಂದ ಮುದ್ದೆಯಾಗಿದ್ದ ಕೆಂಪು ಅಂಚನ್ನು ತೆಗೆದು, ಮೊಣಕಾಲ ಮೇಲಿಟ್ಟು ಕೈಯಿಂದ ತೀಡಿ ನೇರ ಮಾಡಿದಳು. ನಾಯಿಯ ಕುತ್ತಿಗೆಗೆ ಎರಡು ಗಂಟು ಹಾಕಿ ಕಟ್ಟಿದಳು.

“ಅಂಚು ನೋಡಿದರೆ ನಿಮಗೆ ಗೊತ್ತಾಗುವುದಿಲ್ವಾ?” ಎಂದಳು. ಆಮೇಲೆ ಚೆಂಬು ಎತ್ತಿ, ನಿಧಾನ ಮಾಡದೆ, ಗಟಗಟ ನೀರು ಕುಡಿದಳು.